ಸ್ಟೀಮ್ ಅಕ್ಕಿ ಮಿಲ್ಲಿನೊಳಗ ಕೂಲಿಂಗ್ ಜಾಕೆಟ್: ನೀರಿನದೋ, ಫ್ಯಾನಿನದೋ, ಬರ್ಫಿನದೋ?

ಶಹಾಪುರ_ಮಿಲ್:
ಎಲ್ಲರಿಗೂ ನಮಸ್ಕಾರ. ಶಹಾಪುರ ಹತ್ರದ ಸ್ಟೀಮ್ ಅಕ್ಕಿ ಮಿಲ್ಲಿನ ಸೂಪರ್‌ವೈಸರ್ ಕೇಳ್ಲಿಕ್ಕತ್ತೀನಿ. ಬೇಸಿಗಿ ನೆಲ್ಲು ಬಂದು ಬಿದ್ದದ, ಮೇ ಪೂರ್ತಿ ಮಿಲ್ ನಿಲ್ಲೂದಿಲ್ಲ. ನೆಲ್ಲಿಗೆ ಹಬಿ ಕೊಡೋ ಸ್ಟೀಮ್ ಟ್ಯಾಂಕಿನ ಸುತ್ತ ಪಾಳಿಗೆ ಆರು ಮಂದಿ ಇರ್ತಾರ: ವಾಲ್ವ್ ಹತ್ರ ಇಬ್ಬರು, ಟ್ಯಾಂಕಿನ ಬಾಯಿ ತಗದು ನೆಲ್ಲು ಇಳಿಸೋರು ಇಬ್ಬರು, ಡ್ರೈಯರ್ ಹತ್ರ ಒಬ್ಬ, ಬಾಯ್ಲರಿಗೆ ಹೊಟ್ಟು ಹಾಕೋನು ಒಬ್ಬ. ಹಮಾಲರು ಬ್ಯಾರೆ.

ಒಣ-ಒದ್ದಿ ಥರ್ಮಾಮೀಟರ್ (ಒಂದು ಸಾದಾ, ಇನ್ನೊಂದರ ಬುಡಕ್ಕ ಒದ್ದಿ ಬಟ್ಟಿ) ಕಟ್ಟಿ ನೋಡೀವಿ. ಮಧ್ಯಾಹ್ನ ಎರಡಕ್ಕ ಅಂಗಳದಾಗ ಒಣ 42, ಒದ್ದಿ 23. ಟ್ಯಾಂಕ್ ಹತ್ರ ಒಣ 39, ಒದ್ದಿ 33. ಡಿಗ್ರಿ ನೋಡಿದ್ರ ಒಳಗೇ ಕಡಿಮಿ, ಆದ್ರ ಮಂದಿ ಸುಸ್ತಾಗಿ ಕೂಡೋದು ಒಳಗೇ.

ಒಬ್ಬ ಏಜೆಂಟ್ ಎರಡು ನಮೂನಿ ತೋರಿಸ್ಯಾನ. ಒಂದು ನೀರಾಗ ಅದ್ದಿ ಹಿಂಡಿ ಹಾಕ್ಕೊಳ್ಳೋ ಜಾಕೆಟ್. ಇನ್ನೊಂದು ಸೊಂಟದ ಹತ್ರ ಎರಡು ಸಣ್ಣ ಫ್ಯಾನ್ ಇರೋ, ಬ್ಯಾಟರಿ ಮ್ಯಾಲೆ ನಡಿಯೋ ಜಾಕೆಟ್. ಬರ್ಫದ ಪ್ಯಾಕ್ ಇಡೋದೂ ಇರ್ತದ ಅಂತ ಕೇಳೀನಿ. ಯಾವುದು ತಗೋಬೇಕು? ಕರೆಂಟ್ ಹೋಗಿ ಬಂದು ಮಾಡ್ತದ, ಬರ್ಫ ಮಾತ್ರ ಊರಾಗ ಸಿಗ್ತದ.

ಒದ್ದೆಬಲ್ಬ್:
ಥರ್ಮಾಮೀಟರ್ ಕಟ್ಟಿ ನೋಡಿದ್ದು ಬಹಳ ಒಳ್ಳೆಯ ಕೆಲಸ ಸರ್. ಅರ್ಧ ಉತ್ತರ ಆ ನಾಲ್ಕು ಅಂಕಿಗಳಲ್ಲೇ ಇದೆ.

ಅಂಗಳದಲ್ಲಿ 42/23 ಅಂದರೆ ತೇವಾಂಶ ಸುಮಾರು 20 ಶೇಕಡಾ. ಟ್ಯಾಂಕ್ ಹತ್ತಿರ 39/33 ಅಂದರೆ ಸುಮಾರು 66 ಶೇಕಡಾ. ಬೆವರು ಆರುವುದು ಚರ್ಮದ ಮೇಲಿನ ಆವಿಯ ಒತ್ತಡಕ್ಕೂ ಗಾಳಿಯಲ್ಲಿರುವ ಆವಿಯ ಒತ್ತಡಕ್ಕೂ ಇರುವ ವ್ಯತ್ಯಾಸದಿಂದ. ಒದ್ದೆ ಚರ್ಮ 35 ಡಿಗ್ರಿಯಲ್ಲಿದ್ದರೆ ಅಲ್ಲಿನ ಒತ್ತಡ 5.6 ಕಿಲೋಪ್ಯಾಸ್ಕಲ್. ನಿಮ್ಮ ಅಂಗಳದ ಗಾಳಿಯದು 1.6, ಟ್ಯಾಂಕಿನ ಹತ್ತಿರದ ಗಾಳಿಯದು 4.6. ಹೊರಗೆ 4ರ ವ್ಯತ್ಯಾಸ, ಒಳಗೆ ಬರೀ 1. ಹಾಗಾಗಿ ಒಳಗೆ ಬೆವರು ಆರುವ ಶಕ್ತಿ ಕಾಲು ಭಾಗಕ್ಕೆ ಇಳಿದಿದೆ. ಮೈಯಿಂದ ಬೆವರು ಸುರಿದು ನೆಲಕ್ಕೆ ಬೀಳುತ್ತದೆ, ಮೈ ತಂಪಾಗುವುದಿಲ್ಲ. ಒಂದು ಲೀಟರ್ ಬೆವರು ಮೈಮೇಲೇ ಆರಿದರೆ ಸುಮಾರು 2,400 ಕಿಲೋಜೂಲ್ ಶಾಖ ಹೊರಹೋಗುತ್ತದೆ. ಸುರಿದುಹೋದ ಬೆವರಿನಿಂದ ಆಗುವುದು ನೀರಿನ ನಷ್ಟ ಅಷ್ಟೇ.

ನೀರಿನ ಜಾಕೆಟ್ಟೂ ಇದೇ ತತ್ವದ ಮೇಲೆ ನಡೆಯುತ್ತದೆ. ಎಂಥ ಬಟ್ಟೆಯಾದರೂ ಅದು ಒದ್ದೆ ಥರ್ಮಾಮೀಟರಿನ ಅಂಕಿಗಿಂತ ಕೆಳಗೆ ಇಳಿಯಲಾರದು. ಅಂಗಳದಲ್ಲಿ 25-26ರವರೆಗೆ ಇಳಿದು ಹಾಯೆನಿಸುತ್ತದೆ. ಟ್ಯಾಂಕಿನ ಹತ್ತಿರ 33ರ ಕೆಳಗೆ ಹೋಗುವುದೇ ಇಲ್ಲ, ಮೇಲಾಗಿ ಒಳಗಿನ ಬೆವರನ್ನು ಮುಚ್ಚಿಹಿಡಿಯುತ್ತದೆ. ಏಜೆಂಟ್ ತೋರಿಸುವಾಗ ಆಫೀಸಿನಲ್ಲೋ ಅಂಗಳದಲ್ಲೋ ತೋರಿಸಿರುತ್ತಾನೆ, ಅಲ್ಲಿ ಅದು ನಿಜವಾಗಿಯೂ ತಂಪಾಗಿರುತ್ತದೆ. ಟ್ಯಾಂಕಿನ ಪಕ್ಕ ಅರ್ಧ ತಾಸು ಹಾಕಿಸಿ ನೋಡಿ. ನೆಲ್ಲು ಒಣಗಿಸುವ ಅಂಗಳದವರಿಗೆ ಅದನ್ನು ಖಂಡಿತ ಕೊಡಿ. ತಾಸು, ಎರಡು ತಾಸಿಗೊಮ್ಮೆ ಮತ್ತೆ ಅದ್ದಬೇಕು. ನಿಮ್ಮ ಬಿಸಿಲಿಗೆ ಅದಕ್ಕಿಂತ ಸುಲಭದ ಸಾಧನ ಇಲ್ಲ. ಸ್ಟೀಮ್ ಕೋಣೆಗೆ ಬೇಡವೇ ಬೇಡ.

ಫ್ಯಾನ್ ಜಾಕೆಟ್ ಸ್ವಲ್ಪ ಬೇರೆ. 39 ಡಿಗ್ರಿಯ ಗಾಳಿ ಚರ್ಮಕ್ಕಿಂತ ಬಿಸಿ, ಆದರೂ ಆ 1ರ ವ್ಯತ್ಯಾಸ ಇರುವತನಕ ಬೆವರನ್ನು ಒಂದಿಷ್ಟು ಆರಿಸುತ್ತದೆ. ಪೂರ್ತಿ ವ್ಯರ್ಥ ಅನ್ನಲಾರೆ. ತೊಂದರೆ ಆಗುವುದು ಟ್ಯಾಂಕಿನ ಬಾಯಿ ತೆಗೆದಾಗ. ಆ ಕ್ಷಣ ಸುತ್ತಲಿನ ಒದ್ದೆ ಅಂಕಿ 35 ದಾಟುತ್ತದೆ, ಫ್ಯಾನು ಅದೇ ಹಬೆಯನ್ನು ಎಳೆದು ಮೈಗೆ ತುಂಬುತ್ತದೆ. ಆಗ ಜಾಕೆಟ್ಟೇ ಮೈಯನ್ನು ಬಿಸಿ ಮಾಡುತ್ತದೆ. ಇನ್ನೊಂದು, ಹೊಟ್ಟಿನ ಧೂಳು. ಫ್ಯಾನಿನ ಜಾಳಿಗೆ ಬೇಗ ಕಟ್ಟಿಕೊಳ್ಳುತ್ತದೆ, ಗಾಳಿ ಕಡಿಮೆಯಾದದ್ದು ಹಾಕಿಕೊಂಡವನಿಗೆ ಗೊತ್ತೇ ಆಗುವುದಿಲ್ಲ. ಧೂಳು ದಟ್ಟವಾಗಿ ಹಾರುವ ಕಡೆ ಸಾಮಾನ್ಯ ಮೋಟಾರು, ಬ್ಯಾಟರಿ ಮೈಮೇಲೆ ಇರುವುದು ಕಿಡಿಯ ದೃಷ್ಟಿಯಿಂದಲೂ ಸರಿಯಲ್ಲ.

ಉಳಿದದ್ದು ಪ್ಯಾಕ್ ಜಾಕೆಟ್. ಅದು ತೇವಾಂಶವನ್ನು ನೆಚ್ಚಿಕೊಂಡಿಲ್ಲ, ಶಾಖವನ್ನು ನೇರವಾಗಿ ಹೀರುತ್ತದೆ. ಬರ್ಫ ಕರಗುವುದು 0 ಡಿಗ್ರಿಯಲ್ಲಿ, ಒಂದು ಕಿಲೋ ಕರಗಲು 334 ಕಿಲೋಜೂಲ್. ಅಂಗಡಿಯಲ್ಲಿ ಸಿಗುವ ಪಿಸಿಎಂ ಪ್ಯಾಕುಗಳು (ಗೊತ್ತಾದ ಡಿಗ್ರಿಯಲ್ಲಿ ಕರಗುತ್ತಾ ಶಾಖ ಹೀರುವ ಮೇಣ ಅಥವಾ ಲವಣ ತುಂಬಿದವು) 15, 18, 21, 28 ಹೀಗೆ ಬೇರೆಬೇರೆ ಡಿಗ್ರಿಯಲ್ಲಿ ಕರಗುತ್ತವೆ, ಕಿಲೋಗೆ ಸುಮಾರು 200 ಕಿಲೋಜೂಲ್. ನಿಮಗೆ 15 ಅಥವಾ 18ರದ್ದು ಸರಿ. 28ರದ್ದು ಚರ್ಮಕ್ಕೆ ಹಿತ, ಆದರೆ ಎಳೆಯುವ ಶಾಖ ಬಹಳ ಕಡಿಮೆ. ಕೊಳ್ಳುವ ಮುಂಚೆ ಮೂರೇ ಪ್ರಶ್ನೆ ಕೇಳಿ: ಎಷ್ಟು ಡಿಗ್ರಿಗೆ ಕರಗುತ್ತದೆ, ಕಿಲೋಗೆ ಗುಪ್ತೋಷ್ಣ (ಕರಗುವಾಗ ಹೀರುವ ಶಾಖ) ಎಷ್ಟು, ಜಾಕೆಟ್ಟಿನಲ್ಲಿ ಒಟ್ಟು ಎಷ್ಟು ಕಿಲೋ ಪ್ಯಾಕ್ ಇದೆ. ಇದಕ್ಕೆ ಉತ್ತರ ಕೊಡದೆ "ಎಂಟು ತಾಸು ತಂಪು" ಅನ್ನುವವನಿಂದ ಏನೂ ಕೊಳ್ಳಬೇಡಿ. 2 ಕಿಲೋ ಪಿಸಿಎಂ ಅಂದರೆ 400 ಕಿಲೋಜೂಲ್. ಮೈಯಿಂದ 50 ವ್ಯಾಟ್ ಹೀರುತ್ತದೆ, ಹೊರಗಿನ ಗಾಳಿಯಿಂದ 20-25 ವ್ಯಾಟ್ ಪೋಲಾಗುತ್ತದೆ ಅಂದುಕೊಂಡರೂ ಒಂದೂವರೆ ತಾಸು. ಇಷ್ಟೇ ತೂಕದ ಪ್ಯಾಕಿನಿಂದ ಇಷ್ಟು ತಂಪು ಬೇಕೆಂದರೆ ಅದಕ್ಕಿಂತ ಬಹಳ ಹೆಚ್ಚು ಹೊತ್ತು ಬರಲಾರದು.

ಇನ್ನು ಮರೆಯಬಾರದ ಮಾತು: ಮೂಟೆ ಎಳೆದು ದುಡಿಯುವ ಮೈ ಒಳಗೇ 300-400 ವ್ಯಾಟ್ ಶಾಖ ಹುಟ್ಟಿಸುತ್ತದೆ. ಅದರಲ್ಲಿ ಜಾಕೆಟ್ ಎತ್ತುವುದು ಆರರಲ್ಲೋ ಎಂಟರಲ್ಲೋ ಒಂದು ಪಾಲು. ಆದ್ದರಿಂದ ಜಾಕೆಟ್ಟಿಗೆ ಮುಂಚೆ ಗೋಡೆಯ ಆಚೆಗಿರುವ ಒಣ ಗಾಳಿಯನ್ನು ಒಳಗೆ ತನ್ನಿ. ಟ್ಯಾಂಕಿನ ಬಾಯಿಯ ಮೇಲೆ ಹುಡ್ ಕಟ್ಟಿ ಎಕ್ಸಾಸ್ಟ್ ಹಾಕಿ, ಹಬೆ ಅಲ್ಲಿಂದಲೇ ಹೊರಹೋಗಲಿ. ಗೋಡೆಗೆ ದೊಡ್ಡ ಡೆಸರ್ಟ್ ಕೂಲರನ್ನು ಹೊರಮೈ ಹೊರಗೆ ಇರುವಂತೆ ಕೂಡಿಸಿ, ಡಕ್ಟ್ ಎಳೆದು ವಾಲ್ವಿನವರು ನಿಲ್ಲುವ ಜಾಗಕ್ಕೇ ಗಾಳಿ ಬಿಡಿ. 42/23ರ ಗಾಳಿ ಒಳ್ಳೆಯ ಪ್ಯಾಡ್ ದಾಟಿದರೆ 28ರ ಆಸುಪಾಸಿಗೆ ಬರುತ್ತದೆ. ಅದೇ ಕೂಲರನ್ನು ಕೋಣೆಯೊಳಗೆ ಇಟ್ಟರೆ ಹಬೆಯನ್ನೇ ತಿರುತಿರುಗಿಸುತ್ತದೆ, ಎಷ್ಟೋ ಮಿಲ್ಲುಗಳಲ್ಲಿ ಹಾಗೇ ಇಟ್ಟಿರುತ್ತಾರೆ. ಮಳೆ ಹಿಡಿದ ಮೇಲೆ ಹೊರಗಿನ ಒದ್ದೆ ಅಂಕಿಯೂ ಏರುತ್ತದೆ, ಕೂಲರಿನ ಲಾಭ ಕುಗ್ಗುತ್ತದೆ. ಆಗ ಪ್ಯಾಕ್ ಜಾಕೆಟ್ಟಿನ ಮೇಲೇ ಭಾರ ಬೀಳುತ್ತದೆ.

ಗಂಜ್_ಟೇಲರ್:
ಮ್ಯಾಲಿನ ಸರ ಹೇಳಿದ್ದು ಖರೆ ಅದ. ಹೊಲಿಗಿ ಕಡಿಂದ ನಾ ಹೇಳ್ತೀನಿ, ಯಾಕಂದ್ರ ಪ್ಯಾಕ್ ಛಲೋ ಇದ್ರೂ ಜಾಕೆಟ್ ಸಡ್ಲ ಇದ್ರ ಎಲ್ಲಾ ಹಾಳ. ಪ್ಯಾಕಿಗೂ ಮೈಗೂ ನಡುವ ಅರ್ಧ ಸೆಂಟಿಮೀಟರ್ ಗಾಳಿ ಉಳಿದ್ರ ತಂಪು ಅರ್ಧಕ್ಕಿಂತ ಕಡಿಮಿ ಮುಟ್ತದ.

ಮೂರು ಪದರ ಬೇಕ್ರಿ. ಮೈಕಡಿ ತೆಳು ಕಾಟನ್, ಬನಿಯನ್ ಬಟ್ಟಿ ಆದ್ರೂ ನಡೀತದ. ನಡುವ ಪ್ಯಾಕ್ ಕಿಸೆ. ಹೊರಕಡಿ 5 ಮಿಲಿಮೀಟರ್ ಇವಿಎ ಫೋಮ್, ಅದರ ಮ್ಯಾಲ ರೆಕ್ಸಿನ್ ಅಥವಾ ಕೋಟಿಂಗ್ ಇರೋ ನೈಲಾನ್. ಈ ಹೊರಪದರದಾಗ ಬಹಳ ಮಂದಿ ತಪ್ಪು ಮಾಡ್ತಾರ. ಸಾದಾ ಡ್ರಿಲ್ ಬಟ್ಟಿ ಹಾಕಿದ್ರ ಅಥವಾ ಕುರ್ಚಿ ಸ್ಪಂಜ್ ಹಾಕಿದ್ರ ಹಬಿ ಅದರೊಳಗ ನುಗ್ಗಿ ತಣ್ಣನ ಪ್ಯಾಕಿನ ಮ್ಯಾಲ ನೀರಾಗ್ತದ. ನೀರಾಗುವಾಗ ತನ್ನ ಶಾಖ ಎಲ್ಲಾ ಪ್ಯಾಕಿಗೇ ಬಿಟ್ಟುಕೊಡ್ತದ. ಪ್ಯಾಕ್ ಮನಷ್ಯಾನ್ನ ಬಿಟ್ಟು ಕೋಣೀನ ತಂಪ ಮಾಡ್ಲಿಕ್ಕ ಹತ್ತತದ, ಮುಕ್ಕಾಲು ತಾಸಿನ್ಯಾಗ ಖಾಲಿ. ಅದಕ್ಕ ನೀರು ಕುಡೀಲಾರದ ಫೋಮೇ ಬೇಕು, ಕಿಸೆ ಬಾಯಿಗೆ ಮ್ಯಾಲಿಂದ ಮುಚ್ಚೋ ಪಟ್ಟಿ ಬೇಕು.

ಪ್ಯಾಕ್ 15 ಸೆಂಟಿಮೀಟರ್ ಉದ್ದ, 12 ಅಗಲ, ಒಂದೂವರಿ ದಪ್ಪ, ತೂಕ ಕಾಲು ಕಿಲೋ. ಎದಿಗೆ ನಾಕು, ಬೆನ್ನಿಗೆ ನಾಕು, ಒಟ್ಟು 2 ಕಿಲೋ. ಇದಕ್ಕಿಂತ ದಪ್ಪ ಪ್ಯಾಕ್ ಬ್ಯಾಡ್ರಿ, ಜೋಳದ ರೊಟ್ಟಿ ಹಂಗ ಅಗಲಕ್ಕ ಹರವಿರಬೇಕು, ಗುಂಡಗ ಗಂಟಾದ್ರ ಮೈಗೆ ಒಂದೇ ಕಡಿ ತಾಗ್ತದ. ನೆಲ್ಲು ಇಳಿಸೋರು ಬಗ್ಗತಾರ, ಅವರಿಗೆ ಸೊಂಟದ ಮ್ಯಾಲಿನ ನಾಕು ಬೆರಳು ಜಾಗ ಖಾಲಿ ಬಿಡ್ರಿ. ಬಗಲಾಗ ಎರಡೂ ಕಡಿ 5 ಸೆಂಟಿಮೀಟರ್ ಇಲಾಸ್ಟಿಕ್, ಮುಂದ ವೆಲ್‌ಕ್ರೋ. ಗುಂಡಿ, ದಾರ ಬ್ಯಾಡ: ಯಾವುದಕ್ಕರ ಸಿಕ್ಕಿಕೊಂಡ್ರ ಒಂದೇ ಎಳೆತಕ್ಕ ಬಿಚ್ಚಿ ಬರಬೇಕು, ಡ್ರೈಯರ್ ಹತ್ರ ನೆಲ್ಲು ಮ್ಯಾಲಕ್ಕ ಎತ್ತೋ ಎಲಿವೇಟರ್ ಬೆಲ್ಟ್ ಇರ್ತದ. ಹೊರಗ ತೂಗಾಡೋ ಪಟ್ಟಿ ಒಂದೂ ಇರಬಾರದು.

ಒಬ್ಬೊಬ್ಬರಿಗೆ ಎರಡು ಒಳಅಂಗಿ, ಜಾಕೆಟ್ಟಿಗೆ ನಂಬರ್. ಒಬ್ಬರ ಬೆವರಿನ ಜಾಕೆಟ್ ಇನ್ನೊಬ್ಬರಿಗೆ ಹಾಕಿದ್ರ ಗಜಕರ್ಣ ಹಬ್ಬತದ. ಪಾಳಿ ಮುಗದ ಮ್ಯಾಲ ಪ್ಯಾಕ್ ತಗದು ಸಾಬೂನು ನೀರಾಗ ಒಗದು ಬಿಸಿಲಿಗೆ ಹಾಕ್ರಿ.

ವಾಡಿ_ಫಿಟ್ಟರ್:
ಇನ್ನೊಂದು ನಮೂನೆ ಯಾರೂ ಹೇಳಿಲ್ಲ, ಕಂಪ್ರೆಸರ್ ಗಾಳಿಯ ವೋರ್ಟೆಕ್ಸ್ ಜಾಕೆಟ್. ಬೆಲ್ಟಿಗೆ ಬೆರಳುದ್ದದ ಒಂದು ಟ್ಯೂಬ್ ಇರುತ್ತದೆ. 6-7 ಬಾರ್ ಗಾಳಿ ಕೊಟ್ಟರೆ ಒಂದು ತುದಿಯಲ್ಲಿ ಬಿಸಿ ಗಾಳಿ, ಇನ್ನೊಂದು ತುದಿಯಲ್ಲಿ 20-30 ಡಿಗ್ರಿ ಇಳಿದ ತಣ್ಣನೆ ಗಾಳಿ. ಆ ತಣ್ಣನೆ ಗಾಳಿ ಒಣಗಾಳಿಯೂ ಹೌದು, ಹಾಗಾಗಿ ಹಬೆಯ ನಡುವೆಯೂ ಬೆವರು ಆರುತ್ತದೆ. ಬಿಸಿ ಸಿಮೆಂಟ್ ಗೂಡಿನ ಕೆಲಸಕ್ಕೂ ಇಂಥದ್ದನ್ನು ಬಳಸಬಹುದು. ತಂಪಿನ ಗುಣ ನೋಡಿದರೆ ಎಲ್ಲಕ್ಕಿಂತ ಮೇಲು.

ಆದರೆ ನಿಮ್ಮ ಮಿಲ್ಲಿಗೆ ಲೆಕ್ಕ ಹಾಕಿ. ಒಂದು ಜಾಕೆಟ್ಟಿಗೆ ಹತ್ತಿರಹತ್ತಿರ 15 ಸಿಎಫ್ಎಂ (ನಿಮಿಷಕ್ಕೆ ಇಷ್ಟು ಘನ ಅಡಿ) ಗಾಳಿ. ಒಂದು ಎಚ್‌ಪಿಗೆ 4 ಸಿಎಫ್ಎಂ ಅಂದರೂ ಒಬ್ಬನಿಗೆ 4 ಎಚ್‌ಪಿ ಮೋಟಾರ್ ಇಡೀ ಹೊತ್ತು ಓಡಬೇಕು. ಆರು ಮಂದಿಗೆ 24 ಎಚ್‌ಪಿ. "ಮಿಲ್ಲಿನಲ್ಲಿ ಕಂಪ್ರೆಸರ್ ಇದೆಯಲ್ಲ" ಅಂತ ಸಾರ್ಟೆಕ್ಸಿನ (ಬಣ್ಣ ನೋಡಿ ಕೆಟ್ಟ ಕಾಳು ಬೇರ್ಪಡಿಸುವ ಯಂತ್ರ) ಗಾಳಿ ಲೈನಿಗೆ ಕವಲು ಪೈಪ್ ಜೋಡಿಸಬೇಡಿ. ಒತ್ತಡ ಬಿದ್ದ ಕೂಡಲೇ ಅದರ ಎಜೆಕ್ಟರುಗಳು (ಗಾಳಿ ಊದುವ ನಳಿಕೆಗಳು) ಕಪ್ಪು ಕಾಳನ್ನು ಹೊಡೆಯುವುದು ಬಿಡುತ್ತವೆ, ಒಳ್ಳೆ ಅಕ್ಕಿಯೊಳಗೆ ಕಪ್ಪು ಕಾಳು ಉಳಿಯುತ್ತದೆ, ಮಾಲಕರು ಮರುದಿನವೇ ಜಾಕೆಟ್ ಬಿಚ್ಚಿಸುತ್ತಾರೆ.

ಹಾಕಿದರೆ ವಾಲ್ವಿನ ಹತ್ತಿರ ಒಂದೇ ಕಡೆ ನಿಲ್ಲುವ ಇಬ್ಬರಿಗೆ ಮಾತ್ರ, ಪ್ರತ್ಯೇಕ ಕಂಪ್ರೆಸರಿನಿಂದ. ಲೈನಿನಲ್ಲಿ ನೀರು ಬೇರ್ಪಡಿಸುವ ಫಿಲ್ಟರ್, ಅದರ ಮುಂದೆ ಎಣ್ಣೆ ಹಿಡಿಯುವ ಫಿಲ್ಟರ್ ಇರಲೇಬೇಕು. ಇಲ್ಲದಿದ್ದರೆ ಎಣ್ಣೆಯ ಹನಿ ಮೈಗೆ ಬಂದು ತುರಿಕೆ ಶುರು. ಕಂಪ್ರೆಸರ್ ಟ್ಯಾಂಕಿನ ನೀರನ್ನು ಪಾಳಿಗೊಮ್ಮೆ ಬಿಡಿ. ಈ ಗಾಳಿ ಉಸಿರಾಡಲಿಕ್ಕೆ ಅಲ್ಲ, ಮುಖದ ಹುಡ್ಡಿಗೆ ಕೊಡಬಾರದು. ಹೋಸ್ ತುದಿಯನ್ನು ನೇರ ಮೈಗೆ ಹಿಡಿದು "ತಂಪು ತಗೊಳ್ಳುವ" ಚಾಳಿ ಬಹಳ ಕಡೆ ಇದೆ, ಅದನ್ನು ಕಟ್ಟುನಿಟ್ಟಾಗಿ ನಿಲ್ಲಿಸಿ. 6 ಬಾರ್ ಗಾಳಿ ಗಾಯದೊಳಗೆ ನುಗ್ಗಿದರೆ ಜೀವಕ್ಕೇ ಅಪಾಯ.

ಶಹಾಪುರ_ಮಿಲ್:
ಎಲ್ಲರಿಗೂ ಬಹಳ ಉಪಕಾರ ಆಯ್ತು. ಹುಡ್ ಮತ್ತ ಹೊರಗಿನ ಕೂಲರ್ ಮಾತು ಮಾಲಕರಿಗೆ ಹೇಳ್ತೀನಿ. ಪ್ಯಾಕ್ ಜಾಕೆಟ್ ಅಂತ ಮನಸ್ಸಿಗೆ ಬಂದದ. ಬರ್ಫ ನೇರ ಪ್ಯಾಕಿನ್ಯಾಗ ತುಂಬಬೇಕಾ, ಪಿಸಿಎಂ ತಗೊಂಡು ಬರ್ಫದ ನೀರಾಗ ಹಾಕಬೇಕಾ? ದಿನಕ್ಕ ಬರ್ಫ ಎಷ್ಟು ಬೇಕಾಗ್ತದ? ಹಮಾಲರು ಬೆನ್ನ ಮ್ಯಾಲ ಮೂಟಿ ಹೊರ್ತಾರ, ಅವರಿಗೆ ಏನು ಮಾಡೋದು?

ಒದ್ದೆಬಲ್ಬ್:
ನೀರಿನ ಪ್ಯಾಕನ್ನು ನೀವೇ ಗಟ್ಟಿ ಮಾಡಬೇಕಾದರೆ ಡೀಪ್ ಫ್ರೀಜರ್ ಬೇಕು. ಆರು ಮಂದಿಗೆ 2 ಕಿಲೋದಂತೆ, ಪಾಳಿಗೆ ನಾಲ್ಕು ಸಲ ಬದಲಿಸಿದರೆ 48 ಕಿಲೋ. 300 ಲೀಟರಿನ ಪೆಟ್ಟಿಗೆ ಫ್ರೀಜರ್ ದಿನಕ್ಕೆ 15-20 ಕಿಲೋ ಗಟ್ಟಿ ಮಾಡಿದರೆ ಹೆಚ್ಚು, ಅದೂ ಕರೆಂಟ್ ಕೈಕೊಡದಿದ್ದರೆ. ಮೂರು ಫ್ರೀಜರ್ ಇಡಬೇಕಾಗುತ್ತದೆ. ಊರಲ್ಲಿ ಬರ್ಫ ಸಿಗುವ ಮೇಲೆ ಪಿಸಿಎಂ ತಗೊಳ್ಳಿ, ಒಬ್ಬೊಬ್ಬರಿಗೆ ಎರಡು ಸೆಟ್. ಒಂದು ಮೈಮೇಲಿದ್ದಾಗ ಇನ್ನೊಂದು ಬರ್ಫದ ನೀರಿನಲ್ಲಿ.

ಮುಚ್ಚಳ ಇರುವ ದೊಡ್ಡ ಐಸ್‌ಬಾಕ್ಸ್ ತಗೊಂಡು 15 ಲೀಟರ್ ನೀರು, ಒಡೆದ ಬರ್ಫ ಹಾಕಿ. ಒಂದು ಸಲಕ್ಕೆ 12 ಕಿಲೋ ಪ್ಯಾಕ್ ಗಟ್ಟಿಯಾಗಲು 8-9 ಕಿಲೋ ಬರ್ಫ ಕರಗುತ್ತದೆ, ಸೋರಿಕೆ ಸೇರಿಸಿ 10 ಹಿಡಿಯಿರಿ. ಮೊದಲ ಸಲ 35 ಡಿಗ್ರಿಯ ನೀರನ್ನೇ ತಣ್ಣಗೆ ಮಾಡಲು ಇನ್ನೂ 6-7 ಕಿಲೋ. ಪಾಳಿಗೆ 50 ಕಿಲೋ ತರಿಸಿದರೆ ಸಾಕು. ಆ ನೀರನ್ನು ಮರುಪಾಳಿಗೂ ಚೆಲ್ಲಬೇಡಿ, ತಂಪು ಅದರಲ್ಲೇ ಉಳಿದಿರುತ್ತದೆ. ಆದರೆ ಅದು ಕುಡಿಯುವ ನೀರಲ್ಲ ಅಂತ ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಬರೆಯಿರಿ.

ಪ್ಯಾಕ್‌ಗಳನ್ನು ಒಂದರ ಮೇಲೊಂದು ಒಟ್ಟಬೇಡಿ, ನಡುವಿನವು ನೀರು ತಾಗದೆ ದ್ರವವಾಗಿಯೇ ಉಳಿಯುತ್ತವೆ. ತಂತಿ ಬುಟ್ಟಿಯಲ್ಲಿ ಪುಸ್ತಕ ಜೋಡಿಸಿದಂತೆ ನಿಲ್ಲಿಸಿ, ಹತ್ತು ನಿಮಿಷಕ್ಕೊಮ್ಮೆ ನೀರು ಕಲಕಿದರೆ ಮುಕ್ಕಾಲು ತಾಸಿಗೆ ಗಟ್ಟಿ. ಕೊಡುವ ಮುಂಚೆ ಹೆಬ್ಬೆರಳಿನಿಂದ ನಡುವೆ ಒತ್ತಿ. ಮೆತ್ತಗೆ ಜಾರಿದರೆ ಒಳಗೆ ಇನ್ನೂ ಕರಗಿದೆ, ಮತ್ತೆ ಹಾಕಿ. ಲವಣದ ಪಿಸಿಎಂ ಆಗಿದ್ದರೆ ಕಾಲಕ್ರಮದಲ್ಲಿ ಉಪ್ಪು ಕೆಳಗೆ ಕೂತು ಬೇರೆಯಾಗುತ್ತದೆ, ಒಂದು ಮೂಲೆ ಕಲ್ಲಿನಂತೆ, ಉಳಿದದ್ದು ನೀರಿನಂತೆ ಕಾಣುತ್ತದೆ. ಅಂಥ ಪ್ಯಾಕನ್ನು ತೆಗೆದುಹಾಕಬೇಕು.

ಮೇಣದ ಜಾತಿಯ ಪಿಸಿಎಂ ಹೊತ್ತಿಕೊಳ್ಳುತ್ತದೆ. ಹಾಗಾಗಿ ಬಾಯ್ಲರಿಗೆ ಹೊಟ್ಟು ಹಾಕುವವನಿಗೆ ಅದನ್ನು ಕೊಡಬೇಡಿ, ರೆಕ್ಸಿನ್ ಜಾಕೆಟ್ಟೂ ಬೇಡ, ಕಿಡಿ ತಾಗಿದರೆ ಕರಗಿ ಮೈಗೆ ಅಂಟುತ್ತದೆ. ಅವನ ಸಂಕಟ ತೇವಾಂಶದ್ದಲ್ಲ, ಕುಲುಮೆಯ ಬಾಯಿಂದ ಹೊಮ್ಮುವ ಝಳದ್ದು. ನಡುವೆ ಒಂದು ತಗಡಿನ ತೆರೆ, ದಪ್ಪ ಕಾಟನ್ ಅಂಗಿ, ಮುಂದೆ ಅಲ್ಯುಮಿನಿಯಂ ಲೇಪದ ಏಪ್ರನ್, ಬೆನ್ನ ಹಿಂದಿಂದ ಹೊರಗಿನ ಗಾಳಿ. ಇದೇ ಅವನಿಗೆ ಸರಿಯಾದದ್ದು.

ಹಮಾಲರಿಗೆ ಬೆನ್ನಿನ ಪ್ಯಾಕ್ ಆಗದು, ಮೂಟೆಯ ಕೆಳಗೆ ಒಡೆಯುತ್ತದೆ, ಮೂಟೆಯೂ ಜಾರುತ್ತದೆ. ಅವರಿಗೆ ವಿಶ್ರಾಂತಿಯ ಹೊತ್ತಿನಲ್ಲಿ ತಂಪು ಕೊಡಿ. ನೆರಳಲ್ಲಿ ಬೆಂಚು, ಮುಂದೆ ಅಗಲವಾದ ಟಬ್, ಅದರಲ್ಲಿ 15-20 ಡಿಗ್ರಿಯ ನೀರು. ಮೊಣಕೈವರೆಗೆ ಎರಡೂ ಕೈ ಮುಳುಗಿಸಿ 15-20 ನಿಮಿಷ ಕೂರಬೇಕು. ಬಿಸಿಯಾದ ಮೈಯಲ್ಲಿ ಅಂಗೈ, ಮುಂಗೈಗೆ ರಕ್ತ ಬಹಳ ಹರಿಯುತ್ತದೆ, ಆ ರಕ್ತ ತಣಿದು ಒಳಕ್ಕೆ ಹೋಗುತ್ತದೆ. ಅಗ್ನಿಶಾಮಕದವರಿಗೂ ಇದೇ ಉಪಾಯ ಹೇಳುತ್ತಾರೆ.

ಬೀದರ್_ಸಿಸ್ಟರ್:
ಅಣ್ಣಾ, ಜಾಕೆಟ್ ತರೋದು ಛಲೋ. ಆದರೆ ಅದರ ಜೊತೆಗೇ ಬರುವ ಅಪಾಯ ಒಂದು ಹೇಳ್ತೀನಿ. ಎದೆ, ಬೆನ್ನು ತಣ್ಣಗಿದ್ದರೆ ಮನುಷ್ಯನಿಗೆ "ನಾ ಛಲೋ ಇದ್ದೀನಿ" ಅನಿಸುತ್ತದೆ, ಒಳಗಿನ ತಾಪ ಮಾತ್ರ ಏರುತ್ತಲೇ ಇರಬಹುದು. ಜಾಕೆಟ್ ಕೊಟ್ಟೆವು ಅಂತ ವಿಶ್ರಾಂತಿ ಕಡಿತ ಮಾಡಿದರೆ, ಇಲ್ಲದಿದ್ದಾಗ ಬೀಳದವರೂ ಬೀಳ್ತಾರೆ. ಪ್ಯಾಕ್ ಬದಲಿಸುವ ಹೊತ್ತನ್ನೇ ವಿಶ್ರಾಂತಿಯ ಹೊತ್ತು ಮಾಡಿ: ಹೊರಗೆ ನೆರಳಿಗೆ ಬರಬೇಕು, ನೀರು ಕುಡಿಯಬೇಕು, ಆಮೇಲೆ ಹೊಸ ಪ್ಯಾಕ್. ತೇವದ ಕೋಣೆಯೊಳಗೇ ಕೂತರೆ ಅದು ವಿಶ್ರಾಂತಿ ಅಲ್ಲ.

ನೀರು 15-20 ನಿಮಿಷಕ್ಕೊಂದು ಲೋಟ, 250 ಮಿಲಿ. ತಾಸಿಗೆ ಒಂದೂವರೆ ಲೀಟರ್ ದಾಟಬಾರದು, ಬರೀ ನೀರನ್ನೇ ಅತಿಯಾಗಿ ಕುಡಿದರೆ ರಕ್ತದ ಉಪ್ಪು ಇಳಿದು ತಲೆಸುತ್ತು, ವಾಂತಿ ಬರುತ್ತದೆ. ಎರಡು ತಾಸಿಗಿಂತ ಹೆಚ್ಚು ಬೆವರು ಸುರಿಸುವವರಿಗೆ ನಡುವೆ ಉಪ್ಪು ಹಾಕಿದ ಮಜ್ಜಿಗೆ ಅಥವಾ ಓಆರ್‌ಎಸ್ ಕೊಡಿ. ಓಆರ್‌ಎಸ್ ದೊಡ್ಡ ಪಾಕೀಟಿಗೆ ಪೂರ್ತಿ ಒಂದು ಲೀಟರ್ ನೀರು, ಒಂದು ಲೋಟದಲ್ಲಿ ಗಟ್ಟಿಯಾಗಿ ಕಲಸಿ ಕುಡಿಸಬಾರದು. ಬಿಪಿ, ಕಿಡ್ನಿ ತೊಂದರೆ ಇರುವವರು ಮೊದಲು ಡಾಕ್ಟರನ್ನು ಕೇಳಲಿ.

ಹೊಸಬರನ್ನು ಮೊದಲ ದಿನವೇ ಪೂರ್ತಿ ಪಾಳಿ ಟ್ಯಾಂಕ್ ಹತ್ತಿರ ನಿಲ್ಲಿಸಬೇಡಿ. ಮೊದಲ ದಿನ ಐದರಲ್ಲಿ ಒಂದು ಪಾಲು, ಆಮೇಲೆ ದಿನಕ್ಕೆ ಅಷ್ಟಷ್ಟೇ ಏರಿಸುತ್ತಾ ಐದನೆಯ ದಿನಕ್ಕೆ ಪೂರ್ತಿ. ಮೈ ನಿಜವಾಗಿ ಒಗ್ಗಲು ಒಂದರಿಂದ ಎರಡು ವಾರ ಬೇಕು. ಜ್ವರ, ಭೇದಿ ಆಗಿ ರಜೆ ಮುಗಿಸಿ ಬಂದವರಿಗೂ ಹೊಸಬರ ಲೆಕ್ಕವೇ. ಜಾಕೆಟ್ ಇದ್ದರೂ ಇದು ತಪ್ಪದು.

ನೀರಿನ ಬರ್ಫದ ಪ್ಯಾಕನ್ನು ಬರೀ ಮೈಗೆ ಇಡಬೇಡಿ. ಫ್ರೀಜರಿನಿಂದ ತೆಗೆದ ಕೂಡಲೇ ಅದು 0ಕ್ಕಿಂತ ಬಹಳ ಕೆಳಗಿರುತ್ತದೆ, ಚರ್ಮ ಬಿಳಿಚಿ ಗಾಯವಾಗುತ್ತದೆ. ಹತ್ತು ನಿಮಿಷ ಹೊರಗಿಟ್ಟು, ಮೇಲೆ ನೀರು ಒಸರಿದ ಮೇಲೆ ಬನಿಯನ್ ಮೇಲಿಂದ ಹಾಕಿ. ಪ್ಯಾಕಿನ ನೀರಿಗೆ ಉಪ್ಪು ಬೆರೆಸುವುದು ಬೇಡವೇ ಬೇಡ, ಇನ್ನೂ ತಣ್ಣಗಾಗಿ ಸುಡುತ್ತದೆ.

ಮಾತು ತೊದಲಿದರೆ, ಕೇಳಿದ್ದಕ್ಕೆ ಸಂಬಂಧವಿಲ್ಲದ ಉತ್ತರ ಕೊಟ್ಟರೆ, ನಡಿಗೆ ತಪ್ಪಿದರೆ ಅದು ಸುಸ್ತಲ್ಲ, ಬಿಸಿಲಾಘಾತ. ಬೆವರು ಬರ್ತಿದೆ ಅಂತ ಬಿಡಬೇಡಿ, ದುಡಿಯುವವರಿಗೆ ಬೆವರು ಇರುವಾಗಲೇ ಬಿಸಿಲಾಘಾತ ಆಗುತ್ತದೆ. 108ಕ್ಕೆ ಒಬ್ಬರು ಫೋನ್ ಮಾಡಿ, ಉಳಿದವರು ಆಂಬುಲೆನ್ಸ್ ದಾರಿ ನೋಡುತ್ತಾ ನಿಲ್ಲದೆ ತಕ್ಷಣ ತಂಪು ಮಾಡಲು ಶುರು ಮಾಡಿ. ಜಾಕೆಟ್ ಬಿಚ್ಚಿ. ಕರಗುತ್ತಿರುವ ಜಾಕೆಟ್ಟಿನ 50 ವ್ಯಾಟ್ ತಂಪು ಅಲ್ಲಿ ಏನಕ್ಕೂ ಸಾಲದು. ಹಮಾಲರ ಟಬ್ಬಿನ ತಣ್ಣೀರನ್ನು, ಐಸ್‌ಬಾಕ್ಸಿನ ನೀರನ್ನು ಮೈತುಂಬಾ ಸುರಿಯಿರಿ. ಮನುಷ್ಯ ಹಿಡಿಸುವ ತೊಟ್ಟಿ ಇದ್ದರೆ ಕುತ್ತಿಗೆವರೆಗೆ ಮುಳುಗಿಸಿ, ತಲೆಯನ್ನು ಒಬ್ಬರು ಹಿಡಿದಿರಲಿ. ಎಚ್ಚರ ಇಲ್ಲದವರ ಬಾಯಿಗೆ ನೀರು ಹಾಕಬೇಡಿ. ಪ್ಯಾರಾಸಿಟಮಾಲ್ ಇದಕ್ಕೆ ಕೆಲಸ ಮಾಡುವುದಿಲ್ಲ, ಕೊಡಬೇಡಿ.

ಶಹಾಪುರ_ಮಿಲ್:
ಅಕ್ಕಾರ, ಸರ, ಎಲ್ಲಾ ಬರಕೊಂಡೀನಿ. ನೀರಿನ ಜಾಕೆಟ್ ಅಂಗಳದವರಿಗೆ, ಪಿಸಿಎಂ ವಾಲ್ವ್, ಟ್ಯಾಂಕ್, ಡ್ರೈಯರಿನ ಐದು ಮಂದಿಗೆ, ಬಾಯ್ಲರಿನವನಿಗೆ ಏಪ್ರನ್. ಒಂದೇ ಉಳದದ: ಪಿಸಿಎಂ 15ರದ್ದೋ, 18ರದ್ದೋ?

ಒದ್ದೆಬಲ್ಬ್:
ಬರ್ಫದ ಗಾಡಿ ದಿನಾ ತಪ್ಪದೆ ಬರುತ್ತದೆ ಅಂದರೆ 15. ಬರ್ಫ ತಡವಾಗಿ ಪೆಟ್ಟಿಗೆಯ ನೀರು 8-10 ಡಿಗ್ರಿಗೆ ಏರುವ ದಿನಗಳಿದ್ದರೆ 18, ಅದು ಅಷ್ಟು ತಣ್ಣಗಿಲ್ಲದ ನೀರಿನಲ್ಲೂ ಗಟ್ಟಿಯಾಗುತ್ತದೆ, 15ರದ್ದು ಅರ್ಧಕ್ಕೇ ನಿಲ್ಲುತ್ತದೆ. ಒಟ್ಟಿಗೆ ಕೊಳ್ಳಬೇಡಿ. ಮೊದಲು ಎರಡು ಜಾಕೆಟ್, ನಾಲ್ಕು ಸೆಟ್ ಪ್ಯಾಕ್ ತಂದು ವಾಲ್ವಿನವರಿಗೆ ಕೊಡಿ. ಹಾಕಿದ ಹೊತ್ತು, ಪ್ಯಾಕ್ ಪೂರ್ತಿ ಕರಗಿದ ಹೊತ್ತು, ಒಣ-ಒದ್ದೆ ಅಂಕಿ ಈ ಮೂರನ್ನು ಒಂದು ವಹಿಯಲ್ಲಿ ಬರೆಸಿ. ಒಂದು ತಾಸಿಗಿಂತ ಮುಂಚೆಯೇ ಕರಗುತ್ತಿದ್ದರೆ ಹೊರಪದರದ ಫೋಮ್, ಕಿಸೆಯ ಮುಚ್ಚಳ ನೋಡಿ. ಒಂದೂವರೆ ತಾಸು ಕಳೆದರೂ ಗಟ್ಟಿಯಾಗಿಯೇ ಇದ್ದರೆ ಜಾಕೆಟ್ ಮೈಗೆ ತಾಗುತ್ತಿಲ್ಲ, ಬಗಲಿನ ಇಲಾಸ್ಟಿಕ್ ಬಿಗಿ ಮಾಡಿಸಿ.